ಲೀಟರಿಗೊಂದು ವ್ಯಾಟ್: ಸೂತ್ರ ಎಲ್ಲಿ ಕೈಕೊಡುತ್ತದೆ?

ಅಕ್ವೇರಿಯಂ ಅಂಗಡಿಯಲ್ಲಿ ಹೀಟರ್ ಕೇಳಿದರೆ ಮೊದಲು ಎದುರಾಗುವ ಪ್ರಶ್ನೆ, ‘ಟ್ಯಾಂಕ್ ಎಷ್ಟು ಲೀಟರ್?’ ಐವತ್ತು ಎಂದರೆ 50 ವ್ಯಾಟ್, ನೂರು ಎಂದರೆ 100 ವ್ಯಾಟ್. ಲೀಟರಿಗೊಂದು ವ್ಯಾಟ್ ಎಂಬ ಈ ಸೂತ್ರ ನೆನಪಿಡಲು ಸುಲಭ, ಎಷ್ಟೋ ಮನೆಗಳಲ್ಲಿ ಸರಿಹೋಗುತ್ತದೆ ಕೂಡ. ಆದರೆ ಕೋಣೆಯ ಚಳಿ ಎಷ್ಟು ಎಂದು ಅದು ಕೇಳುವುದೇ ಇಲ್ಲ.

ನೀರು ಒಮ್ಮೆ ಕಾದ ಮೇಲೆ, ಗಾಜಿನಿಂದಲೂ ಮೇಲ್ಮೈಯಿಂದಲೂ ಸೋರಿಹೋಗುವ ಶಾಖವನ್ನು ತುಂಬಿಕೊಡುವುದಷ್ಟೇ ಹೀಟರ್‌ಗೆ ಉಳಿಯುವ ಕೆಲಸ. ಎರಡಡಿ ಉದ್ದ, ಒಂದೊಂದು ಅಡಿ ಅಗಲ, ಎತ್ತರದ ಟ್ಯಾಂಕಿಗೆ 56 ಲೀಟರ್ ನೀರು ಹಿಡಿಯುತ್ತದೆ. ಜಲ್ಲಿ ಹಾಸಿ, ಅಂಚು ಬಿಟ್ಟು ತುಂಬಿದರೆ 45–50. ಮುಚ್ಚಳ ಹಾಕಿದ್ದರೂ, ಕೋಣೆಗಿಂತ ನೀರು ಬೆಚ್ಚಗಿರುವ ಪ್ರತಿ ಡಿಗ್ರಿಗೆ ಸ್ಥೂಲವಾಗಿ 5 ವ್ಯಾಟ್ ಸೋರುತ್ತದೆ. ಬೆಂಗಳೂರಿನ ಜನವರಿಯಲ್ಲಿ ಕೋಣೆ 20 ಡಿಗ್ರಿ, ನೀರು 26 ಎಂದುಕೊಂಡರೆ 30 ವ್ಯಾಟ್ ಸಾಕು. ದೆಹಲಿಯ ಚಳಿಗೆ ಕೋಣೆಯೇ 12ಕ್ಕಿಳಿದರೆ 70 ವ್ಯಾಟ್ ಬೇಕು. ಅಲ್ಲಿ 50 ವ್ಯಾಟಿನ ಹೀಟರ್ ರಾತ್ರಿಯಿಡೀ ಉರಿದರೂ ಸೋಲುತ್ತದೆ.

ಗಾತ್ರ ಹೆಚ್ಚಿದಂತೆ ಸೂತ್ರ ಇನ್ನೊಂದು ಕಡೆಗೆ ವಾಲುತ್ತದೆ. ಮೂರೂ ಅಳತೆ ಎರಡು ಪಟ್ಟಾದರೆ ನೀರು ಎಂಟು ಪಟ್ಟು, ಶಾಖ ಸೋರುವ ಮೈ ನಾಲ್ಕೇ ಪಟ್ಟು. ಹಾಗಾಗಿ ದೊಡ್ಡ ಟ್ಯಾಂಕಿಗೆ ಲೀಟರಿಗೆ ಅರ್ಧ ವ್ಯಾಟೂ ಸಾಲಬಹುದು.

‘ಇರಲಿ, ದೊಡ್ಡದೇ ಇರಲಿ’ ಎಂಬ ಉದಾರತೆಯೇ ಹೆಚ್ಚು ಅಪಾಯಕಾರಿ. ಹಳೆಯ ಬಗೆಯ ಥರ್ಮೋಸ್ಟ್ಯಾಟ್‌ನಲ್ಲಿ ಎರಡು ಲೋಹದ ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ. ಪ್ರತಿ ಸಲ ಕಿಡಿ ಹಾರಿ ಹಾರಿ ಆ ತುದಿಗಳು ಒಂದು ದಿನ ಬೆಸೆದುಕೊಂಡರೆ ಹೀಟರ್ ಆರುವುದೇ ಇಲ್ಲ. ಎರಡಡಿ ಟ್ಯಾಂಕಿನಲ್ಲಿ 200 ವ್ಯಾಟಿನದು ಹೀಗೆ ಕೆಟ್ಟರೆ ನೀರು ಗಂಟೆಗೆ ಸುಮಾರು 3 ಡಿಗ್ರಿ ಏರುತ್ತದೆ; ಬೆಳಗಾಗುವಷ್ಟರಲ್ಲಿ ಮೀನು ಉಳಿಯುವುದಿಲ್ಲ. 50 ವ್ಯಾಟಿನದು ಕೆಟ್ಟರೆ, ಅದೇ 20 ಡಿಗ್ರಿ ಕೋಣೆಯಲ್ಲಿ ನೀರು 30ರ ಹತ್ತಿರ ನಿಂತುಬಿಡುತ್ತದೆ. ನಾಲ್ಕಡಿ ಟ್ಯಾಂಕಿಗೆ 200 ವ್ಯಾಟಿನ ಒಂದರ ಬದಲು 100ರ ಎರಡನ್ನು ಎರಡು ತುದಿಗೆ ಇಡುವ ರೂಢಿಗೆ ಇದೇ ಕಾರಣ: ಒಂದು ಆರದೆ ಕೆಟ್ಟರೂ ಅದರ 100 ವ್ಯಾಟ್ ಅಷ್ಟು ನೀರನ್ನು ತೀರಾ ಬಿಸಿಯಾಗಿಸದು; ಉರಿಯದೆ ಕೆಟ್ಟರೂ ಇನ್ನೊಂದು ನೀರನ್ನು ತೀರಾ ತಣ್ಣಗಾಗಲು ಬಿಡದು.

ಮೀನಿನ ಜಾತಿಯನ್ನೂ ಸೂತ್ರ ಕೇಳುವುದಿಲ್ಲ. 28–30 ಡಿಗ್ರಿ ಬೇಡುವ ಡಿಸ್ಕಸ್‌ಗೂ ನಿಯಾನ್ ಟೆಟ್ರಾಕ್ಕೂ ಅದರಲ್ಲಿ ಒಂದೇ ಲೆಕ್ಕ. ಗೋಲ್ಡ್‌ಫಿಶ್ 20 ಡಿಗ್ರಿಯ ನೀರಿನಲ್ಲಿ ಆರಾಮವಾಗಿರುತ್ತದೆ. ಅದನ್ನು ಸಾಕುವ ಬೆಂಗಳೂರಿಗರಿಗೆ ಹೀಟರ್ ಖರ್ಚೇ ಬೇಕಿಲ್ಲ.