ಕುದುರೆ ಲಾಯದ ಕತೆಯನ್ನು ಮಕ್ಕಳಿಗೆ ಹೇಳುವುದು

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಹಾಕಿದ ಸಹಿಯಿಂದ ಅಮೆರಿಕದ ಸುಮಾರು 1,20,000 ಜಪಾನಿ ಮೂಲದವರು ಮನೆಮಠ ಬಿಟ್ಟು ಮುಳ್ಳುತಂತಿಯ ಶಿಬಿರ ಸೇರಬೇಕಾಯಿತು. ಬಿಡುಗಡೆಯಾದ ಮೇಲೂ ಎಷ್ಟೋ ಹಿರಿಯರು ಆ ಮಾತು ಎತ್ತಲಿಲ್ಲ. 'ಶಿಕತ ಗ ನೈ', ಏನು ಮಾಡಲಿಕ್ಕಾಗುತ್ತೆ ಎಂದು ನುಂಗಿಕೊಂಡರು. ಅವರು ನುಂಗಿದ್ದನ್ನು ಮಕ್ಕಳ ಪುಸ್ತಕಗಳು ಹೊರತಂದಿವೆ. ಆದರೆ ಎಲ್ಲವೂ ಒಂದೇ ಧೈರ್ಯದಿಂದಲ್ಲ.

ಯೋಶಿಕೊ ಉಚಿದಾ ಅವರ 'ದಿ ಬ್ರೇಸ್‌ಲೆಟ್' ನನಗೆ ಎಲ್ಲಕ್ಕಿಂತ ಮೇಲು. ಉಚಿದಾ ಕುಟುಂಬವನ್ನು ಬರ್ಕ್ಲಿಯಿಂದ ಎಬ್ಬಿಸಿ ಮೊದಲು ಇಳಿಸಿದ್ದು ಟ್ಯಾನ್‌ಫೊರಾನ್ ರೇಸ್‌ಕೋರ್ಸಿನ ಕುದುರೆ ಲಾಯದಲ್ಲಿ. ಕತೆಯ ಎಮಿಯೂ ಅಲ್ಲಿಗೇ ಬರುತ್ತಾಳೆ. ಹೊರಡುವಾಗ ಗೆಳತಿ ಲೋರಿ ಕೊಟ್ಟ ಬಳೆ ಕೈಯಲ್ಲಿಲ್ಲ. ಹುಡುಕುತ್ತಾರೆ, ಸಿಗುವುದಿಲ್ಲ. ಲಕ್ಷ ಜನರ ಲೆಕ್ಕ ಮಗುವಿಗೆ ಎಟುಕದು; ಕಳೆದುಹೋದ ಒಂದು ಬಳೆ ಎಟುಕುತ್ತದೆ. ಬಳೆ ಸಿಗುವಂತೆ ಬರೆದು ಮಗುವನ್ನು ನಗಿಸುವುದು ಎಷ್ಟು ಸುಲಭವಿತ್ತು! ಉಚಿದಾ ಆ ದಾರಿ ಹಿಡಿಯಲಿಲ್ಲ. ನೆನಪನ್ನು ಮಾತ್ರ ಉಳಿಸಿದರು.

ಕೆನ್ ಮೊಚಿಜುಕಿ ಅವರ 'ಬೇಸ್‌ಬಾಲ್ ಸೇವ್ಡ್ ಅಸ್' (1993) ಬಗ್ಗೆ ನನಗೆ ತಕರಾರಿದೆ. ಡಾಮ್ ಲೀ ಜೇನುಮೇಣ ಬಳಿದು, ಗೀರಿ ಮೂಡಿಸಿದ ಚಿತ್ರಗಳಲ್ಲಿ ಮರುಭೂಮಿಯ ಧೂಳು ಕಣ್ಣಿಗೆ ಬೀಳುವಂತಿದೆ. ಆದರೆ ಶಿಬಿರದಲ್ಲಿ ಬೇಸ್‌ಬಾಲ್ ಆಡುವ ಹುಡುಗನ ಹೊಡೆತಕ್ಕೆ ಕಾವಲುಗೋಪುರದ ಸಿಪಾಯಿಯೇ ನಕ್ಕು ಹೆಬ್ಬೆರಳೆತ್ತುವಾಗ ನನಗೆ ಕಸಿವಿಸಿಯಾಗುತ್ತದೆ. ಚೆನ್ನಾಗಿ ಆಡದ ಹುಡುಗನ ಪಾಡೇನು? ಮರ್ಯಾದೆಯನ್ನು ಆಡಿ ಗೆದ್ದುಕೊಳ್ಳಬೇಕೇ?

ಮ್ಯಾಗಿ ಟೊಕುಡಾ-ಹಾಲ್ ಅವರ 'ಲವ್ ಇನ್ ದ ಲೈಬ್ರರಿ' (2022) ಅವರ ಅಜ್ಜ ಅಜ್ಜಿಯ ಕತೆ. ಇಡಾಹೊದ ಮಿನಿಡೋಕಾ ಶಿಬಿರದ ಗ್ರಂಥಾಲಯದಲ್ಲಿ ಟಾಮಾ ಕೆಲಸಕ್ಕಿದ್ದಳು. ಜಾರ್ಜ್ ದಿನವೂ ಕಂತೆ ಕಂತೆ ಪುಸ್ತಕ ಒಯ್ಯುತ್ತಿದ್ದ. ಅಷ್ಟನ್ನೂ ಓದಲಿಕ್ಕಲ್ಲ, ಅವಳನ್ನು ನೋಡಲಿಕ್ಕೆ. ಇಂಥ ಸಿಹಿ ಕತೆಯಲ್ಲಿ ಶಿಬಿರ ಬರೀ ಹಿನ್ನೆಲೆ ಪರದೆಯಾಗುವ ಅಪಾಯವಿತ್ತು. ಲೇಖಕಿ ಕೊನೆಯ ಟಿಪ್ಪಣಿಯಲ್ಲಿ ಶಿಬಿರದ ಹಿಂದಿದ್ದುದು ಜನಾಂಗದ್ವೇಷ ಎಂದು ಹೆಸರಿಟ್ಟು ಹೇಳಿದರು. 2023ರಲ್ಲಿ ಸ್ಕೊಲಾಸ್ಟಿಕ್ ಪ್ರಕಾಶನ ಸಂಸ್ಥೆ ಪುಸ್ತಕವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳಲು ಮುಂದೆ ಬಂತು, ಆ ಮಾತು ತೆಗೆದರೆ ಮಾತ್ರ ಎಂದಿತು. ಅವರು ಒಪ್ಪಲಿಲ್ಲ. ಕಡೆಗೆ ಕ್ಷಮೆ ಕೇಳಿದ್ದು ಸಂಸ್ಥೆಯೇ. ಆ ಟಿಪ್ಪಣಿಯಿಲ್ಲದಿದ್ದರೆ ಮಗುವಿಗೆ ಪ್ರೇಮ ಸಿಗುತ್ತಿತ್ತು, ಬೇಲಿ ಹಾಕಿದವರು ಯಾರು, ಏಕೆ ಎಂಬುದು ಸಿಗುತ್ತಿರಲಿಲ್ಲ.

ಇವುಗಳಲ್ಲಿ ಒಂದನ್ನೇ ಓದಿ ಹೇಳುವುದಾದರೆ ಬಳೆಯ ಕತೆ ಆರಿಸಿಕೊಳ್ಳಿ. ಆಮೇಲಾದರೂ ಬಳೆ ಸಿಕ್ಕಿತಾ ಎಂದು ಮಗು ಕೇಳಿದರೆ, ಇಲ್ಲ ಎಂದೇ ಹೇಳಿ.