ತಿರುಳು ಪುಲಿಗೆರೆಯದು, ಹಾರ ಬನವಾಸಿಯಲ್ಲಿ

ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಒಂದು ಪುಟವನ್ನು ಗಟ್ಟಿಯಾಗಿ ಓದುವುದು ನನ್ನ ಚಟ. ಎಂಥ ಸಪ್ಪೆ ವಾಕ್ಯವನ್ನೂ ಕಣ್ಣು ದಾಟಿಬಿಡುತ್ತದೆ, ನಾಲಿಗೆ ಬಿಡುವುದಿಲ್ಲ. ಪ್ರಶಸ್ತಿ ಬಂದ ಪುಸ್ತಕಕ್ಕೂ ಇದೇ ಪರೀಕ್ಷೆ. ಹೆಸರು ಹೇಳಲಾರೆ, ಎಷ್ಟೋ ಪುಸ್ತಕಗಳು ಎರಡನೇ ಸಾಲಿಗೇ ಎಡವಿವೆ.

ಸ್ಪ್ಯಾನಿಷ್ ಲೇಖಕರಿಗೆ ಸೆರ್ವಾಂಟಿಸ್ ಪ್ರಶಸ್ತಿಯೆಂದರೆ ನಮಗೆ ಜ್ಞಾನಪೀಠ ಇದ್ದ ಹಾಗೆ. ಮೊದಲು ಕೊಟ್ಟದ್ದು 1976ರಲ್ಲಿ. 1979ರಲ್ಲಿ ಬೋರ್ಹೆಸ್ ಮತ್ತು ಹೆರಾರ್ದೊ ದಿಯೇಗೊ ಇಬ್ಬರಿಗೆ ಹಂಚಿದರು, ಆಮೇಲೆ ಹಂಚುವ ಗೊಡವೆಯೇ ಬೇಡವೆಂದರು. ಸೆರ್ವಾಂಟಿಸ್ ಹುಟ್ಟಿದ ಅಲ್ಕಲಾ ಊರಿನಲ್ಲೇ ಇದನ್ನು ಕೊಡುತ್ತಾರೆ. ಮೆಕ್ಸಿಕೊದವರು, ಚಿಲಿಯವರು ಕಡಲು ದಾಟಿ ಅಲ್ಲಿಗೆ ಬರುತ್ತಾರೆ. ನನಗೆ ಹಿಡಿಸಿದ್ದು ಇದೇ.

ನಮ್ಮಲ್ಲಿ ಕವಿಯ ಹೆಸರಿನ ದೊಡ್ಡ ಗೌರವ ಪಂಪ ಪ್ರಶಸ್ತಿ. 1987ರಲ್ಲಿ ಮೊದಲು ಕುವೆಂಪು ಅವರಿಗೆ ಸಂದಿತು. ನಮ್ಮ ಹೊಂಬಳದ ಚೆನ್ನವೀರ ಕಣವಿಯವರಿಗೂ ಬಂದಿದೆ. ಬನವಾಸಿಯ ಕದಂಬೋತ್ಸವದಲ್ಲಿ ಕೊಡುವ ರೂಢಿ. ಪಂಪ ಆ ನಾಡಿಗಾಗಿ ಹಂಬಲಿಸಿದ್ದಾನೆ, ಒಪ್ಪುವ ಮಾತೇ. ಆದರೆ ಶಿರಹಟ್ಟಿಯ ಕಡೆಯವರಾದ ನಮ್ಮದೊಂದು ತಕರಾರಿದೆ. ಮನಸ್ಸು ಬನವಾಸಿಯಲ್ಲಿದ್ದರೂ ತನ್ನ ನುಡಿ ಎಲ್ಲಿಯದೆಂದು ಹೇಳುವಾಗ ಅವನು ಬೊಟ್ಟು ಮಾಡಿದ್ದು ಪುಲಿಗೆರೆಯ ತಿರುಳ್ಗನ್ನಡದ ಕಡೆಗೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಮೊನ್ನೆ ಮೊನ್ನೆಯವರೆಗೆ ನಮ್ಮದೇ ತಾಲೂಕು.

ಹೇಳಿದವನಾದರೂ ಎಲ್ಲಿದ್ದ? ಅವನ ಹಿರಿಯರು ವೆಂಗಿನಾಡಿನವರು. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಆಶ್ರಯ ಕೊಟ್ಟ ಅರಿಕೇಸರಿಯದು ವೇಮುಲವಾಡ, ಇಂದಿನ ತೆಲಂಗಾಣ. ಅಲ್ಲೇ ಹತ್ತಿರದ ಕುರ್ಕ್ಯಾಲದ ಬಂಡೆಯ ಮೇಲೆ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ್ದಾನೆ. ಅಂಥ ಮೂರು ನುಡಿಗಳ ಸಂತೆಯಲ್ಲಿ ಕೂತು ಅಣ್ಣ ಕಾವ್ಯ ಕಟ್ಟುವಾಗ ಅಳತೆಗೋಲು ಮಾತ್ರ ಪುಲಿಗೆರೆಯದು. ಅದಕ್ಕೂ ನೂರು ವರ್ಷ ಮೊದಲೇ ‘ಕವಿರಾಜಮಾರ್ಗ’ ಒಳ್ಳೆಯ ಕನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದದ ಜೊತೆ ಈ ಊರನ್ನು ಎಣಿಸಿತ್ತು.

ನಮ್ಮ ಮನೆಯಲ್ಲಿ ತಿರುಳು ಅಂದರೆ ಹುಣಸೆಹಣ್ಣಿನದು. ನಾರು, ಬೀಜ ತೆಗೆದು, ಉಪ್ಪು ಹಚ್ಚಿ ಒತ್ತಿ, ಗಡಿಗೆಯಲ್ಲಿ ತುಂಬಿಟ್ಟದ್ದು. ಪಂಪನನ್ನು ಓದುವಾಗಲೆಲ್ಲ ನನಗೆ ಆ ಗಡಿಗೆ ನೆನಪಾಗುತ್ತದೆ. ಸಂಸ್ಕೃತ ಸಮಾಸದ ಬೆನ್ನಿಗೇ ಅಚ್ಚಗನ್ನಡದ ಒಂದು ಕ್ರಿಯಾಪದ ಬಂದರೆ ನಾಲಿಗೆ ಚುರ್ ಅನ್ನುತ್ತದೆ.

ಹೋದ ಸೋಮವಾರ ಶಿರಹಟ್ಟಿಯಲ್ಲಿ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ಶಂಖ ಬಸದಿಯಲ್ಲಿ ಒಂದೇ ಕಲ್ಲಿಗೆ ಸಾಲುಸಾಲಾಗಿ ಕಡೆದ ಬೆರಳುದ್ದದ ಜಿನಬಿಂಬಗಳನ್ನು ಎಣಿಸಹೋಗಿ ಲೆಕ್ಕ ತಪ್ಪಿತು. ಆಮೇಲೆ ಸೋಮೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತು ಪಂಪನ ‘ವಿಕ್ರಮಾರ್ಜುನ ವಿಜಯ’ ತೆರೆದು ಗಟ್ಟಿಯಾಗಿ ಓದತೊಡಗಿದೆ. ನೆರಳಿಗೆ ಒರಗಿದ್ದ ಅಜ್ಜನೊಬ್ಬ ಕಣ್ಣುಬಿಟ್ಟ. ನಿದ್ದೆ ಕೆಡಿಸಿದೆನೇನೋ ಎಂದು ನಿಲ್ಲಿಸಿದೆ.

“ಯಾಕ ನಿಲ್ಸಿದ್ರಿ? ಓದ್ರಿ ಸರ. ಅರ್ಧಾ ತಿಳೀವಲ್ದು, ಆದ್ರ ನಮ್ಮ ಮಂದಿನ ಮಾತಾಡಿದಂಗ ಐತಿ.”