ರಂಗೋಲಿ ಪುಸ್ತಕಕ್ಕೂ ಒಬ್ಬ ಕಲಾವಿದೆ ಇದ್ದಾಳೆ

ಕುಣಿಗಲ್ ಕಡೆಯ ಹಳೆಯ ಮನೆಗಳಲ್ಲಿ, ದೇವರ ಗೂಡಿನ ಪಕ್ಕದಲ್ಲೋ ಟ್ರಂಕಿನ ತಳದಲ್ಲೋ, ಕೈಯಲ್ಲಿ ಬರೆದ ರಂಗೋಲಿ ಪುಸ್ತಕ ಈಗಲೂ ಸಿಗುತ್ತದೆ. ಶಾಲೆಯ ನೋಟ್‌ಬುಕ್, ಬಿಟ್ಟುಹೋದ ಹೊಲಿಗೆಗೆ ಮತ್ತೆ ಹಾಕಿದ ದಾರ, ಪುಟದ ತಲೆಯಲ್ಲಿ ‘15-8 ಸಂದು ಚುಕ್ಕಿ’ ಎಂಬ ಒಕ್ಕಣೆ. ನಡುಸಾಲಿಗೆ 15 ಚುಕ್ಕಿ ಇಟ್ಟು, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸಬೇಕು. ಒಟ್ಟು 169 ಚುಕ್ಕಿ. ಇಷ್ಟು ಲೆಕ್ಕವನ್ನು ಮೂರೇ ಮಾತಿನಲ್ಲಿ ಹಿಡಿದಿಟ್ಟವಳ ಹೆಸರು ರಟ್ಟಿನ ಮೇಲೆ ಇರುವುದು ಮಾತ್ರ ಅಪರೂಪ.

ಇದನ್ನು ಕಲಾಪುಸ್ತಕ ಎನ್ನಲು ಅಳುಕಬೇಕಿಲ್ಲ.

ಚೆನ್ನೈನ ತಾರಾ ಬುಕ್ಸ್ 2012ರಲ್ಲಿ ತಂದ ತೇಜುಬೆನ್ ಅವರ ‘ಡ್ರಾಯಿಂಗ್ ಫ್ರಂ ದ ಸಿಟಿ’ಯನ್ನು ಇದರ ಜೊತೆಗಿಟ್ಟು ನೋಡಬೇಕು. ಕೈಯಿಂದ ತಯಾರಿಸಿದ ಕಾಗದದ ಮೇಲೆ ಕೈಯಲ್ಲೇ ಸ್ಕ್ರೀನ್ ಪ್ರಿಂಟ್ ಮಾಡಿದ ಪುಸ್ತಕ ಅದು. ರಾಜಸ್ಥಾನದ ಹಳ್ಳಿಯೊಂದರಿಂದ ಹೊರಟು, ಹಾಡಿ ಹೊಟ್ಟೆ ಹೊರೆಯುತ್ತ ಅಹಮದಾಬಾದ್ ಸೇರಿದ ಹೆಣ್ಣುಮಗಳು ತನ್ನ ಬದುಕನ್ನೇ ಬರೆದ ಚಿತ್ರಗಳು. ಅಲ್ಲಿಯೂ ಕಪ್ಪು ಗೆರೆ, ಚುಕ್ಕಿಗಳದ್ದೇ ಕೆಲಸ. ಆದರೆ ಆ ಚುಕ್ಕಿಗಳು ಹೊಸಿಲು ದಾಟುತ್ತವೆ. ತೇಜುಬೆನ್ ಅವರ ಹೆಂಗಸರು ಸೈಕಲ್ ತುಳಿಯುತ್ತಾರೆ, ಕಾರಿನಲ್ಲಿ ಕೂರುತ್ತಾರೆ, ವಿಮಾನವನ್ನೂ ಏರುತ್ತಾರೆ. ಕೊರತೆ ಇರುವುದು ಮಾತಿನಲ್ಲಿ. ಅವರು ಬಾಯಲ್ಲಿ ಹೇಳಿದ್ದನ್ನು ಬೇರೆಯವರು ಬೇರೆ ಭಾಷೆಗಳಲ್ಲಿ ಬರೆದಿದ್ದಾರೆ. ಚಿತ್ರದ ಕಸುವು ಆ ವಾಕ್ಯಗಳಿಗೆ ಪೂರ್ತಿ ಇಳಿದಿಲ್ಲ.

ಬರೋಡಾದ ನೀಲಿಮಾ ಶೇಖ್ 1984ರಲ್ಲಿ ರಚಿಸಿದ ‘ವೆನ್ ಚಂಪಾ ಗ್ರೂ ಅಪ್’ ಇನ್ನೊಂದು ತುದಿ. ವರದಕ್ಷಿಣೆಗೆ ಬಲಿಯಾದ ಹುಡುಗಿಯೊಬ್ಬಳ ಕತೆಯನ್ನು ಹೇಳುವ 12 ಬಿಡಿ ಚಿತ್ರಗಳು. ಚಂಪಾಳ ಸಂಕಟ ಎದೆಗೆ ನಾಟುತ್ತದೆ, ಆದರೆ ಹೇಳುವ ಕೈ ಅವಳದ್ದಲ್ಲ.

ರಂಗೋಲಿ ಪುಸ್ತಕದಲ್ಲಿ ಕೈಯೂ ಅವಳದ್ದೇ, ಅಕ್ಷರವೂ ಅವಳದ್ದೇ. ಹಾಗೆಂದು ಅದನ್ನು ಬರೀ ಹೊಗಳಿ ಕೂರುವಂತಿಲ್ಲ. ಧನುರ್ಮಾಸದ ಅಂಗಳಕ್ಕೆ, ಹಬ್ಬದ ಹೊಸಿಲಿಗೆ, ಒಟ್ಟಿನಲ್ಲಿ ‘ಒಳ್ಳೆಯ ಸೊಸೆ’ಯಿಂದ ಮನೆ ಬಯಸುವುದಷ್ಟಕ್ಕೇ ಅದರ ಮುಂದಿನ ಪುಟಗಳು ಮೀಸಲು. ಅವಳ ಕೋಪ, ಆಸೆ ಅಲ್ಲಿಲ್ಲ. ಬದುಕು ಇಣುಕುವುದು ಹಿಂದಿನ ಪುಟಗಳಲ್ಲಿ. ಅರ್ಧಕ್ಕೆ ನಿಂತ ಹಸೆ ಹಾಡು, ಹಾಲಿನ ಲೆಕ್ಕ, ಚಟ್ನಿಪುಡಿಯ ಅಳತೆ, ಮಗು ಗೀಚಿದ ಪೆನ್ಸಿಲ್ ಗೆರೆ. ಬಿಡುವೆಂಬುದೇ ಇಲ್ಲದ ದಿನದಲ್ಲಿ ಈ ಪುಸ್ತಕಕ್ಕೆ ಅವಳು ಹೇಗೆ ಹೊತ್ತು ಹೊಂದಿಸಿದಳು ಎಂಬುದನ್ನು ಈ ಪುಟಗಳೇ ಹೇಳುತ್ತವೆ. ವಿಮರ್ಶಕರು ಓದಬೇಕಾದದ್ದು ಇವನ್ನೇ.

ಅಚ್ಚಾದ ರಂಗೋಲಿ ಪುಸ್ತಕ, ಮೊಬೈಲ್ ವಿಡಿಯೊ ಬಂದ ಮೇಲೆ ಇವು ಗುಜರಿಗೆ ಬೀಳುತ್ತಿವೆ. ತುಮಕೂರು ವಿಶ್ವವಿದ್ಯಾಲಯವೋ ತಾಲ್ಲೂಕಿನ ಗ್ರಂಥಾಲಯವೋ ಇವನ್ನು ಸ್ಕ್ಯಾನ್ ಮಾಡಿಡಲಿ. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ, ಬರೆದವರ ಹೆಸರು, ಊರು, ಇಸವಿಯನ್ನು ಮೊದಲ ಪುಟದಲ್ಲಿ ಇವತ್ತೇ ಬರೆದಿಡಿ.